ಥ್ರೋವರ್ ಎಂಬ ಮನೆಹೆಸರು

ಫೆಬ್ರವರಿ 6, ಬೆಳಗ್ಗೆ 7.20

ನೀರು ಬಂತು. ಆರು ದಿನದ ನಂತರ. ಸಂಪು, ಡ್ರಮ್ಮು, ಬಿಂದಿಗೆ ಎಲ್ಲ ತುಂಬಿಸಿದೆ. ಬಿಪಿ ಮಾತ್ರೆ ನುಂಗಿದೆ. ಪೈಪು ಸರಿಯಾಗಿ ಸುತ್ತಿಡಲಿಲ್ಲವೆಂದು ತನುಜ ಬೈದಳು. ಮೂವತ್ತು ವರ್ಷದಿಂದ ನಾನು ಯಾವ ಪೈಪನ್ನೂ ಸರಿಯಾಗಿ ಸುತ್ತಿಲ್ಲ, ಅವಳ ಪ್ರಕಾರ.

ಮಿತ್ರಾ ಇನ್ನೂ ಮಲಗಿದ್ದಾಳೆ. ಮಲಗಲಿ. ಪಿಯು ಕಾಲೇಜಿನ ಹಿಸ್ಟರಿ ಲೆಕ್ಚರರ್ ಆಗಿ ಸೆಲೆಕ್ಟ್ ಆದವಳು, ಆರ್ಡರ್ ಬರುವವರೆಗಾದರೂ ಮಲಗಲಿ.

11.40

ವೇಣು ಬಂದ. ಅಂಚೆ ಕಚೇರಿಯಲ್ಲಿ ನನ್ನ ಕೈಕೆಳಗೆ ಪಳಗಿದ ಪೋಸ್ಟ್‌ಮನ್. ಮಗಳ ಹೆಸರಿಗೆ ರಿಜಿಸ್ಟರ್ಡ್. "ಸಾರ್, ಆರ್ಡರ್ ಇರ್ಬೇಕು, ಸ್ವೀಟ್ ಎಲ್ಲಿ?" ಅಂದ. ಮನೆಯಲ್ಲಿದ್ದ ಎರಡು ಮೈಸೂರುಪಾಕು ಕೊಟ್ಟು ಕಳಿಸಿದೆ.

ಆರ್ಡರ್ ಅಲ್ಲ. ನೋಟಿಸು.

ಫೆಬ್ರವರಿ 7

ನಿನ್ನೆ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಬರೆಯುತ್ತೇನೆ.

ಯಾರೋ ಪುಣ್ಯಾತ್ಮರು ಮೂಗರ್ಜಿ ಹಾಕಿದ್ದಾರೆ. ಸಂಘಮಿತ್ರ ಥ್ರೋವರ್ ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ ಆಯ್ಕೆಯಾಗಿದ್ದಾಳೆ, ಆದರೆ ಥ್ರೋವರ್ ಎಂಬುದು ಇಂಗ್ಲಿಷರ ಹೆಸರು, ಇವರ ಮನೆತನ ಹಿಂದೆಯೇ ಕ್ರೈಸ್ತ ಮತಕ್ಕೆ ಸೇರಿದೆ, ಶಿಡ್ಲಘಟ್ಟದಲ್ಲಿ ಹನ್ನೊಂದು ವರ್ಷ ಕ್ರೈಸ್ತರಾಗಿಯೇ ಬಾಳಿದ್ದಾರೆ, ಬೀದಿಯ ಜನ ಸಾಕ್ಷಿ. ಕ್ರೈಸ್ತರೆಂದು ಸಾಬೀತಾದರೆ ಮೀಸಲಾತಿ ಇಲ್ಲ. ಮೀಸಲಾತಿ ಇಲ್ಲದಿದ್ದರೆ ಕೆಲಸ ಇಲ್ಲ. ಚಿಕ್ಕಬಳ್ಳಾಪುರದಲ್ಲಿ ಏಪ್ರಿಲ್ 3ಕ್ಕೆ ವಿಚಾರಣೆ. ಅದಕ್ಕೂ ಮುಂಚೆ ಸ್ಥಳ ಮಹಜರು.

ಮೂಗರ್ಜಿಯ ಲಕೋಟೆಯ ಜೆರಾಕ್ಸನ್ನೂ ಇಟ್ಟಿದ್ದಾರೆ. ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದವನಿಗೆ ಮೊದಲು ಕಾಣುವುದು ಸೀಲು. ಮೇಲೂರಿನದು. ನಮ್ಮ ಮೂಲ ಊರು. ನಮ್ಮ ಜನವೇ ಇರಬೇಕು. ವೇಯ್ಟಿಂಗ್ ಲಿಸ್ಟಿನಲ್ಲಿ ಯಾರ ಮಗನೋ ಮಗಳೋ ಮುಂದಿನ ನಂಬರಿನಲ್ಲಿ ಕೂತಿರಬೇಕು. ಬೇರೆಯವರಿಗೆ ನಮ್ಮ ಮೇಲೆ ಇಷ್ಟು ಆಸಕ್ತಿ ಎಲ್ಲಿಂದ ಬರಬೇಕು?

ಹೆಸರಿನ ವಿಷಯ. ಸರ್ವಿಸಿನ ಉದ್ದಕ್ಕೂ ಇನ್ನೊಬ್ಬ ಥ್ರೋವರ್‌ಗೆ ಒಂದು ಕಾರ್ಡು ಬರಲಿಲ್ಲ. ಗೌರಿಬಿದನೂರು, ಚಿಂತಾಮಣಿ ಎರಡು ಕಡೆಯೂ ಕೆಲಸ ಮಾಡಿದೆ. ಅಲ್ಲೂ ಇಲ್ಲ. ಇಡೀ ಭೂಮಿಯ ಮೇಲೆ ಈ ಹೆಸರಿನವರು ನಾವು ಮೂರೇ ಜನ ಎಂದುಕೊಂಡಿದ್ದೆ. ಅದರಲ್ಲಿ ತನುಜ ಬಳಸುವುದೇ ಇಲ್ಲ.

ಅಪ್ಪ ಹೇಳುತ್ತಿದ್ದ ಕಥೆ: ತಾತ ಬಯ್ಯಪ್ಪ ಒಬ್ಬ ಬಿಳಿ ದೊರೆಯ ಹತ್ತಿರ ಇದ್ದ, ದೊರೆ ಮೆಚ್ಚಿ ತನ್ನ ಹೆಸರನ್ನೇ ಕೊಟ್ಟ. ಅಪ್ಪ ಇದನ್ನು ಎದೆಯುಬ್ಬಿಸಿ ಹೇಳುತ್ತಿದ್ದ. ಕೇಳಿದವರು ಆಚೆ ಹೋಗಿ ಅಜ್ಜಿಯ ಬಗ್ಗೆ ಬೇರೆ ಕಥೆ ಕಟ್ಟುತ್ತಿದ್ದರು. ಅದೂ ಅಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳುತ್ತಿದ್ದ... ನಮ್ಮ ಜನ ಎನ್ನುವುದಕ್ಕಿಂತ ದೊರೆಯ ಕಡೆಯವರು ಎನ್ನುವುದು ಅವನಿಗೆ ಲೇಸಾಗಿ ಕಂಡಿರಬೇಕು.

ಅವನನ್ನು ಬೈಯುವ ಬಾಯಿ ನನಗಿಲ್ಲ.

ಫೆಬ್ರವರಿ 11, ಭಾನುವಾರ

ಮಿತ್ರಾ ನೇರವಾಗಿ ಕೇಳಿದಳು. "ಅಪ್ಪ, ಬೀದಿ ಜನ ಸಾಕ್ಷಿ ಅಂತ ಬರ್ದವ್ರೆ. ಏನು ಸಾಕ್ಷಿ?"

ತನುಜ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆ ಅಂದಳು, "ಹೇಳ್ರಿ. ನಿಮ್ಮ ಹೂಂ ಕಥೆ ಹೇಳ್ರಿ."

ಹೇಳಿದೆ. ಇಲ್ಲೂ ಬರೆದಿಡುತ್ತೇನೆ.

ಇಪ್ಪತ್ತಾರು ವರ್ಷದ ಹಿಂದೆ. ಮಿತ್ರಾ ಎಂಟು ತಿಂಗಳ ಕೂಸು. ಶಿಡ್ಲಘಟ್ಟಕ್ಕೆ ವರ್ಗ. ಬಾಡಿಗೆ ಮನೆಗೆ ಎಂಟು ಕಡೆ ಅಲೆದೆ. ಮನೆ ತೋರಿಸುತ್ತಾರೆ, ಕಾಫಿಯನ್ನೂ ಕೊಡುತ್ತಾರೆ, ಕೊನೆಗೆ ಆ ಪ್ರಶ್ನೆ: "ತಾವು ಏನು ಜನ?" ಹೇಳಿದೊಡನೆ ಊರಿನಿಂದ ಮಗ ಬರುವವನಿರುತ್ತಾನೆ, ಗೋಡೆಗೆ ರಿಪೇರಿ ಇರುತ್ತದೆ. ಒಂಬತ್ತನೆಯ ಮನೆ ಅಕ್ಕಯ್ಯಮ್ಮನವರದು. ವಿಧವೆ. ಒಂದೇ ಅಂಗಳ, ಎರಡು ಮನೆ. ಹೆಸರು ಕೇಳಿದರು. ಗಂಗರಾಜು ಥ್ರೋವರ್ ಅಂದೆ. "ಓ, ಕಿರಸ್ತಾನರಾ?" ಅಂದರು.

ಹೂಂ ಅಂದೆ.

ಅಷ್ಟೇ. ಒಂದು ಹೂಂ. ಕಿರಸ್ತಾನರು ಅಂದರೆ ಅವರಿಗೆ ಬ್ಯಾಂಕು, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮರ್ಯಾದಸ್ಥರು. ಅದರ ಹಿಂದೆ ಇನ್ನೊಂದು ಜಾತಿ ಇರಬಹುದೆಂದು ಅವರು ಅಗೆದು ನೋಡಲಿಲ್ಲ. ಆಮೇಲೆ ಆ ಹೂಂ ಅನ್ನು ಹನ್ನೊಂದು ವರ್ಷ ಸಾಕಬೇಕಾಯಿತು. ಗೋಡೆಗೆ ಯೇಸುವಿನ ಕ್ಯಾಲೆಂಡರು ತಂದೆ. ಡಿಸೆಂಬರಿನಲ್ಲಿ ಬಾಗಿಲಿಗೆ ನಕ್ಷತ್ರ. ಭಾನುವಾರ ಬೆಳಗ್ಗೆ ಮೂವರೂ ಇಸ್ತ್ರಿ ಬಟ್ಟೆ ಹಾಕಿಕೊಂಡು ಬೀದಿಗೆಲ್ಲ ಕಾಣುವಂತೆ ಹೊರಡುವುದು. ಎಲ್ಲಿಗೆ? ಬಸ್ ಸ್ಟ್ಯಾಂಡಿಗೆ. ಒಂದೂವರೆ ಗಂಟೆ ಬೆಂಚಿನ ಮೇಲೆ ಕೂತು ಬನ್ನು ತಿಂದು ಮರಳುವುದು.

"ಅದು ಚರ್ಚಿಗೆ ಟೈಮಾಗದೇ ಇದ್ದಾಗ ಕೂರೋದು ಅಂದ್ಕೊಂಡಿದ್ದೆ," ಅಂದಳು ಮಿತ್ರಾ. "ಒಂಬತ್ತು ವರ್ಷದವರೆಗೂ ನಾನು ಕ್ರಿಶ್ಚಿಯನ್ನೇ ಅಂದ್ಕೊಂಡಿದ್ದೆ ಕಣಪ್ಪ."

ನಗುತ್ತಾಳೆಂದುಕೊಂಡೆ. ನಗಲಿಲ್ಲ. ಶಾಲೆಯ ದಾಖಲೆಯಲ್ಲಿ ನಾನು ಯಾವತ್ತೂ ಸುಳ್ಳು ಬರೆಸಿಲ್ಲ, ಸರ್ಕಾರಕ್ಕೆ ಮೋಸ ಮಾಡಿಲ್ಲ ಅಂದೆ. "ಹೌದು. ಸರ್ಕಾರಕ್ಕೆ ಮಾಡಿಲ್ಲ," ಅಂದಳು.

ಫೆಬ್ರವರಿ 12

ಮಿತ್ರಾ ಇಂಟರ್ನೆಟ್ಟಿನಲ್ಲಿ ಹುಡುಕಿ ಒಬ್ಬ ಹೆಂಗಸಿಗೆ ಮೇಲ್ ಹಾಕಿದ್ದಾಳೆ. ಮಾರ್ಗರೆಟ್ ಥ್ರೋವರ್. ಇಂಗ್ಲೆಂಡಿನ ನಾರ್ಫೋಕ್ ಕಡೆಯವಳು, ರಿಟೈರ್ಡ್ ಟೀಚರ್. ಈ ಒಂದು ಹೆಸರಿನ ಮೂಲ ಹುಡುಕುವುದೇ ಅವಳ ಹವ್ಯಾಸವಂತೆ. ನನ್ನಂತೆ ನೀರು ಹಿಡಿಯುವ ಕೆಲಸ ಇಲ್ಲವೆಂದು ಕಾಣುತ್ತದೆ.

ಫೆಬ್ರವರಿ 19

ಉತ್ತರ ಬಂತು. ನಾಲ್ಕು ಪುಟ. ಮಿತ್ರಾ ಕನ್ನಡದಲ್ಲಿ ಓದಿ ಹೇಳಿದಳು.

ಥ್ರೋವರ್ ಅಂದರೆ ದೊರೆಯಲ್ಲ, ದಿವಾನನಲ್ಲ. ರೇಷ್ಮೆ ಎಳೆಗೆ ಹುರಿ ಹಾಕುವವನು. ಹಳೆಯ ಇಂಗ್ಲಿಷಿನಲ್ಲಿ ಆ ಕೆಲಸಕ್ಕೆ ಅದೇ ಮಾತು. ಅಲ್ಲೂ ಮೊದಮೊದಲು ಜನರಿಗೆ ಮನೆಹೆಸರು ಇರಲಿಲ್ಲವಂತೆ. ಒಂದೇ ಊರಲ್ಲಿ ನಾಲ್ಕು ಜಾನ್ ಇದ್ದರೆ ಬಡಗಿ ಜಾನ್, ಕಮ್ಮಾರ ಜಾನ್, ಹುರಿ ಜಾನ್ ಎಂದು ಗುರುತು. ಕೆಲಸ ಹೋದರೂ ಹೆಸರು ಉಳಿಯಿತು. ಅವರಲ್ಲೂ ಇದು ಅಪರೂಪ. ಒಂದೆರಡು ಜಿಲ್ಲೆ ಬಿಟ್ಟರೆ ಕಡಿಮೆ.

ಇಂಗ್ಲೆಂಡಿನಲ್ಲಿ ನಾಲ್ಕು ಕಾಸಿನ ಕೂಲಿಯವನ ಹೆಸರು. ಅದನ್ನು ಹಿಡಿದುಕೊಂಡು ಅಪ್ಪ ಮೇಲೂರಿನಲ್ಲಿ ಮೀಸೆ ತಿರುವಿದ್ದ!

ಆದರೆ ಮಾರ್ಗರೆಟ್‌ಗೆ ವಿಪರೀತ ಸಂತೋಷ. ಇಂಡಿಯಾದಲ್ಲೊಂದು ಕವಲು ಸಿಕ್ಕಿತೆಂದು. ಇಷ್ಟು ಅಪರೂಪದ ಹೆಸರು ಬೇರೆ ಕಡೆ ಹುಟ್ಟುವುದು ಸಾಧ್ಯವಿಲ್ಲ, ಆದ್ದರಿಂದ ನಾವು ನೆಂಟರೇ, ನಿಮ್ಮ ತಾತನ ಕಣ್ಣು ಯಾವ ಬಣ್ಣ, ಎಂಜಲಿನ ಡಿಎನ್ಎ ಪರೀಕ್ಷೆಯ ಕಿಟ್ ಕಳಿಸುತ್ತೇನೆ, ನಾವೆಲ್ಲ ಒಂದೇ ಕುಟುಂಬ ಎಂದು ನಿಮ್ಮ ಅಧಿಕಾರಿಗಳಿಗೆ ನಾನೇ ಪತ್ರ ಬರೆಯಲು ಸಿದ್ಧ.

"ಬೇಡ ಅಂತ ಬರಿ ಮಾರಾಯ್ತಿ, ಈಗ್ಲೇ ಬರಿ," ಅಂದಳು ತನುಜ. ಆ ಪತ್ರವೊಂದು ಬಂದರೆ ಮೂಗರ್ಜಿಯವನಿಗೆ ಬೇರೆ ಸಾಕ್ಷಿಯೇ ಬೇಡ.

ಎಂಟು ಸಾವಿರ ಕಿಲೋಮೀಟರ್ ಆಚೆ ಒಬ್ಬಳು ಮುಖ ನೋಡದೆ ನಮ್ಮನ್ನು ರಕ್ತಸಂಬಂಧಿ ಎನ್ನುತ್ತಾಳೆ. ಇಲ್ಲಿ ಎಂಟು ಮನೆಯವರು ಮುಖ ನೋಡಿ ಕಾಫಿ ಕೊಟ್ಟು ಕಳಿಸಿದರು. ನಗಬೇಕೋ ಅಳಬೇಕೋ.

ಫೆಬ್ರವರಿ 20

ನಮ್ಮ ತಾತನ ಕಣ್ಣು ಕಪ್ಪು.

ಮಾರ್ಚ್ 2, ಸಂಜೆ 6

ಸಿಕ್ಕಿತು.

ಹುರಿ ಎಂಬ ಮಾತು ಕಿವಿಯಲ್ಲೇ ಇತ್ತು. ತಾಜ್ ಪಾಷಾ ನೆನಪಾದ. ನನ್ನ ಓರಗೆಯವನು, ಟ್ವಿಸ್ಟಿಂಗ್ ಫ್ಯಾಕ್ಟರಿ ಇಟ್ಟಿದ್ದಾನೆ. ಅವನ ತಾತ ಬ್ರಿಟಿಷರ ಕಾಲದಲ್ಲಿ ಮೇಲೂರಿನ ಹಾದಿಯ ಹುರಿ ಶೆಡ್ಡಿನಲ್ಲಿ ಮೇಸ್ತ್ರಿ. ಹೋಗಿ ಕೇಳಿದೆ. ಮಷಿನುಗಳ ಸದ್ದಿನಲ್ಲಿ ಎರಡು ಸಲ ಕೂಗಿ ಹೇಳಬೇಕಾಯಿತು.

"ದಾದಾ ಅವ್ರ ಪೆಟ್ಟಿಗೆ ಐತೆ ಗಂಗಣ್ಣ. ಗೆದ್ದಲು ಬಿಟ್ಟಿದ್ರೆ ನಿನ್ನ ನಸೀಬು," ಅಂದ. ಅಟ್ಟದಿಂದ ಇಳಿಸಿದ. ಅವನ ಹೆಂಡತಿ ರಹಮತುನ್ನೀಸಾ ಹಳೆಯ ದುಪಟ್ಟಾದಿಂದ ಧೂಳು ಒರೆಸಿ ಒಂದೊಂದೇ ಪುಸ್ತಕ ಕೊಟ್ಟಳು.

ಹಾಜರಿ ಪುಸ್ತಕ. ಇಂಗ್ಲಿಷ್ ಕೈಬರಹ. ಮೊದಲು ಕೆಲಸ, ಆಮೇಲೆ ಹೆಸರು. ರೀಲರ್ ಮುನಿಗ. ರೀಲರ್ ಬಯ್ಯ. ಥ್ರೋವರ್ ಪಿಳ್ಳ. ಥ್ರೋವರ್ ಬಯ್ಯ.

ಬಯ್ಯ. 'ಅಪ್ಪ' ಕೂಡ ಇಲ್ಲ. ಅದು ಆಮೇಲೆ ನಾವು ಸೇರಿಸಿಕೊಂಡದ್ದು.

ಒಂದೇ ಶೆಡ್ಡಿನಲ್ಲಿ ಇಬ್ಬರು ಬಯ್ಯ. ಒಬ್ಬ ಗೂಡಿನಿಂದ ನೂಲು ಬಿಚ್ಚುವವನು, ಇನ್ನೊಬ್ಬ ಹುರಿ ಹಾಕುವವನು. ಗುರುತಿಗೆ ಕರೆದದ್ದು. ದೊರೆಯೂ ಇಲ್ಲ, ಮೆಚ್ಚಿ ಕೊಟ್ಟದ್ದೂ ಇಲ್ಲ. ಮಾರ್ಗರೆಟ್‌ಳ ಮುತ್ತಾತನಿಗೆ ಹೇಗೆ ಹೆಸರು ಬಂತೋ ನನ್ನ ತಾತನಿಗೂ ಹಾಗೇ ಬಂತು. ಕೈಕೆಲಸದಿಂದ. ಹೆಸರು ಎರಡು ಕಡೆ ಹುಟ್ಟಲಾರದೆಂದು ಆಕೆ ಹೇಳಿದ್ದು ತಪ್ಪು. ಕೆಲಸ ಇದ್ದ ಕಡೆಯೆಲ್ಲ ಹುಟ್ಟುತ್ತದೆ.

ರೀಲರ್ ಬಯ್ಯನ ಮೊಮ್ಮಕ್ಕಳು ಇವತ್ತೂ ಮೇಲೂರಿನಲ್ಲಿ ರೀಲರ್ ಮನೆಯವರು. ಅದೂ ಇಂಗ್ಲಿಷೇ. ಆದರೆ ಶಿಡ್ಲಘಟ್ಟದಲ್ಲಿ ರೀಲರ್ ಅಂದರೆ ಮಗುವಿಗೂ ಗೊತ್ತು, ಯಾರೂ ಮತ ಕೇಳುವುದಿಲ್ಲ. ನಮ್ಮ ಮಾತು ಮಾತ್ರ ಸತ್ತುಹೋಯಿತು. ಹುರಿ ಕೆಲಸವನ್ನು ಈಗ ಟ್ವಿಸ್ಟಿಂಗ್ ಅನ್ನುತ್ತಾರೆ. ಥ್ರೋವರ್ ಅಂದರೆ ಏನೆಂದು ಯಾರಿಗೂ ಗೊತ್ತಿಲ್ಲದ್ದರಿಂದ ಅಪ್ಪ ಒಂದು ಸುಳ್ಳು ಹೊಲಿದ, ನಾನೊಂದು ಹೊಲಿದೆ.

ಪುಟದ ಮೇಲೆ ಬೆರಳಿಟ್ಟುಕೊಂಡು ಕೂತೆ. ತಾಜ್ ಪಾಷಾ ಟೀ ತಂದಿಟ್ಟು, "ರೋತೇ ಕಾಯ್ಕು ರೇ?" ಅಂದ. ಅಳುತ್ತಿದ್ದದ್ದು ನನಗೆ ತಿಳಿದಿರಲಿಲ್ಲ.

ಮಾರ್ಚ್ 9

ಮಹಜರು. ರೆವಿನ್ಯೂ ಇನ್ಸ್‌ಪೆಕ್ಟರ್ ಚನ್ನಕೇಶವ ಬಂದರು. ಒಳ್ಳೆಯ ಮನುಷ್ಯ, ಬಿಸಿಲಿಗೆ ಕರ್ಚೀಫು ತಲೆಗೆ ಹಾಕಿಕೊಂಡು ಬಂದಿದ್ದರು. ಹಾಜರಿ ಪುಸ್ತಕದ ಪುಟ ನೋಡಿ, "ಬಿಡಿ ಸಾರ್, ಹೆಸರಿನ ತಕರಾರು ಮುಗೀತು" ಅಂದರು. ನಮ್ಮ ನಡುಮನೆ ಗೋಡೆಯ ಬುದ್ಧನ ಪಟ ನೋಡಿದರು. "ಇದಕ್ಕೇನೂ ತೊಂದ್ರೆ ಇಲ್ಲ. ಯೇಸು ಇದ್ರೆ ಮಾತ್ರ," ಅಂದರು. ನಾನು ನಗೆಯಾಡಿದೆ. ಇಬ್ಬರೂ ಸ್ವಲ್ಪ ಹೆಚ್ಚೇ ನಕ್ಕೆವು.

ಆಮೇಲೆ ನಾವು ಬಾಡಿಗೆಗಿದ್ದ ಹಳೆಯ ಬೀದಿಗೆ ಹೋದರು. ನಾನು ತಿರುವಿನಲ್ಲಿ ನಿಂತೆ. ಅರ್ಧ ಗಂಟೆ ಕಳೆದು ಬಂದವರ ಮುಖದಲ್ಲಿ ನಗೆ ಇರಲಿಲ್ಲ.

"ಆ ಅಕ್ಕಯ್ಯಮ್ಮ ಅಂತ ಇದ್ದಾರಲ್ಲ ಸಾರ್, ಕಿವಿ ಚುರುಕು, ನೆನಪು ಚುರುಕು. ಕಿರಸ್ತಾನರು, ಭಾನುವಾರ ತಪ್ಪದೆ ಚರ್ಚಿಗೆ ಹೋಗೋರು, ಅಂಥ ಭಕ್ತಿವಂತರನ್ನ ನಾನು ನೋಡಿಲ್ಲ ಅಂದ್ರು. ಸೈನ್ ಹಾಕಿದ್ರು. ಅವರು ಹೇಳಿಕೆ ಬದಲಾಯಿಸಿದ್ರೆ ಸರಿ. ಇಲ್ದಿದ್ರೆ ಕಷ್ಟ ಇದೆ."

ಹನ್ನೊಂದು ವರ್ಷ ಬನ್ನು ತಿಂದದ್ದಕ್ಕೆ ಸಿಕ್ಕ ಸರ್ಟಿಫಿಕೇಟು.

ಮಾರ್ಚ್ 10

ಹೋಗಬೇಕು. ಹೋಗಲಿಲ್ಲ.

ಮಾರ್ಚ್ 12

ಇವತ್ತೂ ಇಲ್ಲ. ಬೀದಿಯ ತಿರುವಿನವರೆಗೆ ಹೋಗಿ ಬಂದೆ. ಬಾಳೆಹಣ್ಣು ಕೊಂಡಿದ್ದೆ, ನಾನೇ ತಿಂದೆ.

ಮಾರ್ಚ್ 14, ಮಧ್ಯಾಹ್ನ 3

ಹೋಗಿ ಬಂದೆ. 

ಅಕ್ಕಯ್ಯಮ್ಮನವರಿಗೆ ಎಂಬತ್ತೆರಡು. ಜಗುಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತಿದ್ದರು. "ಏಮಪ್ಪಾ ಗಂಗರಾಜು, ಬಾ ಬಾ. ಮಿತ್ರಮ್ಮ ಲೆಕ್ಚರರ್ ಆಗ್ತಾಳಂತೆ? ನಿನ್ನ ಪರವಾಗಿ ಒಳ್ಳೇದೇ ಹೇಳಿದೀನಿ ಕಣಪ್ಪ, ಮೊನ್ನೆ ಬಂದೋರ ಹತ್ರ," ಅಂದರು.

ಒಳ್ಳೆಯದೇ ಹೇಳಿದ್ದಾರೆ. ನಿಜ.

ಕೂತೆ. ಹೇಳಿದೆ. ನಾವು ಕಿರಸ್ತಾನರಲ್ಲಮ್ಮ, ಯಾವತ್ತೂ ಅಲ್ಲ. ನಮ್ಮ ಜನ ಇಂಥವರು. ಮನೆಗಾಗಿ ಹೂಂ ಅಂದೆ. ನಿಮ್ಮ ಹೇಳಿಕೆಯಿಂದ ಹುಡುಗಿಯ ಕೆಲಸ ಹೋಗುತ್ತದೆ. ಗೊತ್ತಿಲ್ಲದೆ ಹೇಳಿದೆ ಅಂತ ಒಂದು ಮಾತು ಬರೆದುಕೊಡಿ.

ಬೀಜ ಬಿಡಿಸುವ ಕೈ ನಿಂತಿತು. ಅವರು ಒಳಬಾಗಿಲನ್ನು ನೋಡಿದರು. ಸೊಸೆ ಒಳಗಿದ್ದಳು. ಆಮೇಲೆ ದನಿ ತಗ್ಗಿಸಿ:

"ನಿನ್ನ ಮಗಳು ನನ್ನ ಅಡುಗೆಮನೇಲಿ ಕೂತು ಉಂಡವಳೆ. ಹಬ್ಬದ ದಿನ ದೇವರ ಮನೆ ಹೊಸ್ತಿಲ ಹತ್ರ ಕೂರಿಸಿಕೊಂಡು ಜಡೆ ಹಾಕಿದೀನಿ. ಇದನ್ನ ನಾನು ಯಾರಿಗಂತ ಹೇಳ್ಲಿ? ನನ್ನ ಸೊಸೆಗಾ? ನನ್ನ ತಂಗಿ ಮಕ್ಕಳಿಗಾ? ನೀನು ನನ್ನನ್ನ ಕೇಳಿ ಸುಳ್ಳು ಹೇಳಿದ್ಯಾ? ಈಗ ನಿಜಕ್ಕೆ ಯಾಕೆ ನನ್ನ ಕೇಳ್ತೀಯ?"

"ಅಮ್ಮ, ಹುಡುಗಿ—"

"ನಾನು ಸಾಯೋವರೆಗೂ ನೀವು ಕಿರಸ್ತಾನರೇ ಕಣಪ್ಪ. ಹೋಗು."

ಎದ್ದೆ. ಗೇಟಿನ ಹತ್ತಿರ ಹೋಗುವಷ್ಟರಲ್ಲಿ ಕರೆದರು. ಒಂದು ಕ್ಷಣ ಆಸೆ ಹುಟ್ಟಿತು. ಬಚ್ಚಲ ಕಡೆಯ ಗೂಡಿನಿಂದ ಒಂದು ಸ್ಟೀಲ್ ತಟ್ಟೆ ತಂದು ಜಗುಲಿಯ ಅಂಚಿಗೆ ಇಟ್ಟರು. ಕೈಗೆ ಕೊಡಲಿಲ್ಲ. ನಡುವೆ ಗುಲಾಬಿ ಹೂ ಕೊರೆದ ತಟ್ಟೆ.

"ಮಿತ್ರಮ್ಮಂದು. ತಗೊಂಡೋಗು."

ತಂದೆ. ಮಿತ್ರಾ ನೋಡಿದೊಡನೆ ಗುರುತು ಹಿಡಿದಳು, ಮುಖ ಅರಳಿತು. "ಅಯ್ಯೋ ನನ್ನ ತಟ್ಟೆ! ಅಜ್ಜಿ ಇದ್ರಲ್ಲಿ ಬೇರೆ ಯಾರ್ಗೂ ಹಾಕ್ತಿರ್ಲಿಲ್ಲ ಕಣಪ್ಪ, ನಂಗೇ ಅಂತ—"

ಅಲ್ಲಿಗೆ ನಿಂತಳು.

"ಎಲ್ಲಿಟ್ಟಿದ್ರು?" ಅಂದಳು.

ಬಚ್ಚಲ ಗೂಡಿನಲ್ಲಿ ಅಂತ ಹೇಳಬಾರದಿತ್ತು. ಹೇಳಿದೆ. ಈಚೆಗೆ ನಿಜ ಹೇಳುವ ಚಟ ಹತ್ತಿದೆ ನನಗೆ.

ಕಿರಸ್ತಾನರಾಗಿದ್ದಾಗಲೂ ಬೇರೆ ತಟ್ಟೆಯೇ. ಅಂದರೆ ಆ ಸುಳ್ಳಿನಿಂದ ನನಗೆ ಸಿಕ್ಕಿದ್ದು ಗೋಡೆ ಮಾತ್ರ, ತಟ್ಟೆ ಸಿಗಲೇ ಇಲ್ಲ.

ಮಾರ್ಚ್ 29

ಹದಿನೈದು ದಿನ ಪುಸ್ತಕ ಮುಟ್ಟಲಿಲ್ಲ. ಮಿತ್ರಾ ಪೆರೇಸಂದ್ರದ ಗೆಳತಿಯ ಮನೆಗೆ ಹೋಗಿ ನಿನ್ನೆ ಬಂದಳು. ನನ್ನೊಡನೆ ಊಟಕ್ಕೆ ಕೂತಳು, ಮಾತಿಲ್ಲ. ತನುಜ ಆ ತಟ್ಟೆಯನ್ನು ಎಲ್ಲಿಟ್ಟಳೋ ಕೇಳಿಲ್ಲ.

ಚನ್ನಕೇಶವ ಫೋನ್ ಮಾಡಿದ್ದರು. "ಅವರು ಬದಲಾಯಿಸಲ್ಲ ಅಂದ್ರೆ ಒಂದೇ ದಾರಿ ಸಾರ್. ನೀವೇ ಅಫಿಡವಿಟ್ ಕೊಡಿ. ಮನೆಗಾಗಿ ಸುಳ್ಳು ಹೇಳಿದ್ದೆ ಅಂತ. ವಿಚಾರಣೆ ದಿನ ಎಲ್ಲರ ಮುಂದೆ ಓದಿ ಹೇಳ್ಬೇಕಾಗುತ್ತೆ. ಪೇಪರಿನೋರು ಇರ್ತಾರೆ ಒಮ್ಮೊಮ್ಮೆ." ಕೇಳಿ ಫೋನ್ ಇಟ್ಟೆ. ಇದನ್ನು ತಪ್ಪಿಸಿಕೊಳ್ಳಲು ಹನ್ನೊಂದು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ.

ಏಪ್ರಿಲ್ 2, ಬೆಳಗ್ಗೆ 10

ಮಿತ್ರಾ ಬಾಯಿ ಬಿಟ್ಟಳು. ಟೈಪ್ ಮಾಡಿಸಲು ಅಫಿಡವಿಟ್ಟಿನ ಕರಡು ಬರಿ ಅಂದಳು. ಬರೆದು ತೋರಿಸಿದೆ. ಓದಿದಳು.

"'ಮನೆ ಮಾಲೀಕರು ನಮ್ಮ ಜಾತಿಯವರಿಗೆ ಮನೆ ಕೊಡುವುದಿಲ್ಲ ಎಂದಿದ್ದರಿಂದ.' ಅಜ್ಜಿ ಹಂಗಂದ್ರಾ ಅಪ್ಪ?"

"ಅನ್ಲಿಲ್ಲ. ಆದ್ರೆ ಅಂತಿದ್ರು. ತಟ್ಟೆ ನೋಡ್ಲಿಲ್ವಾ ನೀನು?"

"ತಟ್ಟೆ ನೋಡ್ದೆ. ಆದ್ರೂ ಅವ್ರು ಅನ್ಲಿಲ್ಲ. ಕೇಳೋಕೆ ನೀನು ಬಿಡ್ಲಿಲ್ಲ. ಆ ಸಾಲು ತೆಗಿ. ನೀನು ಮಾಡಿದ್ದಷ್ಟು ಬರಿ." ಕಣ್ಣು ಕೆಂಪಾಗಿತ್ತು. "ಕೆಲ್ಸ ಸಿಗ್ಲಿ ಬಿಡ್ಲಿ ಅಪ್ಪ. ನಾನು ಯಾರು ಅಂತ ನಿನ್ನ ಬಾಯಲ್ಲಿ ಜನದ ಮುಂದೆ ಒಂದು ಸಲ ಕೇಳ್ಬೇಕು ನಂಗೆ. ಇಪ್ಪತ್ತೇಳು ವರ್ಷ ಆಯ್ತು, ನೀನು ಆ ಮಾತು ಅಂದಿದ್ದು ನಾನು ಕೇಳೇ ಇಲ್ಲ."

ಸಿಟ್ಟು ಬಂತು. ಸಾಕಿ, ಓದಿಸಿ, ಇಷ್ಟೆತ್ತರ ಬೆಳೆಸಿದ್ದಕ್ಕೆ ಈ ಮಾತೇ? ಆಚೆ ಹೋಗಿ ಕೂತೆ. ತಲೆ ತಣ್ಣಗಾದ ಮೇಲೆ ಈ ಪುಸ್ತಕವನ್ನೇ ಹಿಂದಕ್ಕೆ ತಿರುವಿದೆ. ಎರಡು ತಿಂಗಳು. ಎಲ್ಲ ಕಡೆ 'ನಮ್ಮ ಜನ', 'ಇಂಥವರು'. ಜಾತಿಯ ಹೆಸರು ಒಂದು ಕಡೆಯೂ ಇಲ್ಲ. ಯಾರೂ ಓದದ ಪುಸ್ತಕದಲ್ಲೂ! ಬೀರುವಿನಲ್ಲಿ ಬೀಗ ಹಾಕಿಡುವ ಪುಸ್ತಕದಲ್ಲಿ ನಾನು ಯಾರಿಗೆ ಹೆದರಿ ಹಾಗೆ ಬರೆದೆ?

ಏಪ್ರಿಲ್ 3, ಬೆಳಗ್ಗೆ 6.50

ಏಳೂವರೆ ಬಸ್ಸು. ತನುಜ ಚಿತ್ರಾನ್ನ ಕಟ್ಟಿದ್ದಾಳೆ. ಮಿತ್ರಾ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಹಳೆಯ ಕರಡು ಹರಿದೆ. ಚಿಕ್ಕಬಳ್ಳಾಪುರದಲ್ಲಿ ಟೈಪ್ ಮಾಡಿಸಿದರಾಯಿತು. ಇಲ್ಲಿ ಬರೆದುಕೊಂಡು ಒಂದು ಸಲ ಗಟ್ಟಿಯಾಗಿ ಓದುತ್ತೇನೆ, ಅಲ್ಲಿ ತಡವರಿಸಬಾರದು.

ಗಂಗರಾಜು ಥ್ರೋವರ್ ಆದ ನಾನು, ವಯಸ್ಸು ಅರವತ್ತೊಂದು, ಪ್ರಮಾಣ ಮಾಡಿ ಹೇಳುವುದೇನೆಂದರೆ: ಥ್ರೋವರ್ ಎಂಬುದು ನನ್ನ ತಾತ ಮಾಡುತ್ತಿದ್ದ ಕೆಲಸದ ಹೆಸರು. ಅವನು ರೇಷ್ಮೆಗೆ ಹುರಿ ಹಾಕುತ್ತಿದ್ದ. ಅದು ಮತದ ಹೆಸರಲ್ಲ, ಯಾವ ದೊರೆಯೂ ಕೊಟ್ಟದ್ದಲ್ಲ. ಆ ಹೆಸರಿನ ಹಿಂದೆ ಅಡಗಿಕೊಂಡು ಕ್ರೈಸ್ತನೆಂದು ನಂಬಿಸಿದವನು ನಾನು. ಮನೆಯವರು ಒತ್ತಾಯಿಸಲಿಲ್ಲ. ಮಾಲೀಕರು ಜಾತಿ ಕೇಳಲಿಲ್ಲ, ನಾನು ಹೇಳಲಿಲ್ಲ. ನನ್ನ ಮಗಳಿಗೂ ಹೇಳಲಿಲ್ಲ. ಈಗ ಹೇಳುತ್ತೇನೆ. ನನ್ನ ಜಾತಿ—